ತುಳಜಾಳ ಮನೆಯ ಕೂಸು

ಎರಡು ಸಾವಿರದ ಮೂರನೆಯ ಇಸವಿಯ ಡಿಸೆಂಬರಿನಲ್ಲಿ ಮಾಲಾ ಮಾಡುತ್ತಿದ್ದ ಕೆಲಸವನ್ನು ನೋಡಿಹೋಗಲು ಒಬ್ಬರು ಬರುವವರಿದ್ದರು. ಸಾಂಬ್ರಾಣಿಯಿಂದ ಒಳಗೆ, ಕಾಡಿನ ಅಂಚಿಗಿರುವ, ಕೆಲವೇ ಮನೆಗಳ ಸಣ್ಣ ವಾಡೆ ಅವಳದು. ಅಲ್ಲಿಯ ಜನ ಒಂದಿಷ್ಟು ಭತ್ತ ಬೆಳೆದುಕೊಂಡು ಉಳಿದ ದಿನ ಕೂಲಿಗೆ ಹೋಗುವವರು. ಎರಡು ವರ್ಷದ ಹಿಂದೆ ಧಾರವಾಡದ ಒಂದು ಸಂಸ್ಥೆಯವರು ಬಂದು, ಎಳೆಗೂಸುಗಳಿಗೆ ಯಾವಾಗ ಏನು ಉಣಿಸಬೇಕೆಂದು ತಾಯಂದಿರಿಗೆ ತಿಳಿಸುವ ಕಾರ್ಯಕ್ರಮ ಶುರುಮಾಡಿದ್ದರು. ವಾಡೆಯ ಸೊಸೆಯಂದಿರಲ್ಲಿ ಏಳನೇ ಇಯತ್ತೆ ಪಾಸಾದವಳು ಮಾಲಾ ಒಬ್ಬಳೇ ಆಗಿದ್ದರಿಂದ ಕೆಲಸ ಅವಳ ಪಾಲಿಗೆ ಬಂತು. ಹೆರಿಗೆಯಾದ ಮನೆಗೆ ಹೋಗಿ ಮೊದಲ ಹಾಲು ಹಿಂಡಿ ಚೆಲ್ಲಬೇಡಿರೆಂದು ಹೇಳುವುದು, ಆರು ತಿಂಗಳವರೆಗೆ ಎದೆಹಾಲೇ ಸಾಕು, ನೀರೂ ಬೇಡ ಎನ್ನುವುದು, ಆಮೇಲೆ ಅನ್ನ-ಬೇಳೆ ಹಿಚುಕಿ ಉಣಿಸುವುದನ್ನು ಮಾಡಿ ತೋರಿಸುವುದು, ತಿಂಗಳಿಗೊಮ್ಮೆ ಕೂಸುಗಳನ್ನು ತೂಗುವುದು. ಇದನ್ನೆಲ್ಲ ಅವಳು ಖುಷಿಯಿಂದಲೇ ಮಾಡುತ್ತಿದ್ದಳು. ಅವಳ ಮಗ ಕುಬೇರನಿಗೆ ಹತ್ತು ತಿಂಗಳು. ಅವನ ತೊಡೆಗಳ ಮೇಲೆ ಮಡಿಕೆ ಬಿದ್ದಿದ್ದವು. ಎತ್ತಿಕೊಂಡವರಿಗೆ ತೋಳು ಸೋಲುತ್ತಿತ್ತು.

ಚಿಂತೆ ಇದ್ದದ್ದು ಪಕ್ಕದ ಮನೆಯ ತುಳಜಾಳ ಮಗಳು ಸಕ್ಕುಬಾಯಿಯದು. ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಕೈಕಾಲು ಮಾತ್ರ ಕಡ್ಡಿಯಂತೆ.

"ಸಕ್ಕು ತೂಕದಾಗ ಮತ್ತ ಇಳದಾಳ, ಅತ್ತಿ," ಎಂದು ಮಾಲಾ ಅವರು ಬರುವ ಹಿಂದಿನ ಸಂಜೆ ಒಲೆಯ ಮುಂದೆ ಕೂತು ಹೇಳಿದಳು. "ನಾಳೆ ಬರೂ ಬಾಯಾರು ಅಕಿನ್ನ ನೋಡಿದ್ರ ಏನಂತಾರೋ ಏನೋ. ಕಾರ್ಯಕ್ರಮ ಮುಂದುವರ್ಸಬೇಕೋ ಬ್ಯಾಡೋ ಅಂತ ಅವರ ಹೇಳೋದಂತ."

ಅತ್ತೆ ನಾನಿಬಾಯಿ ರೊಟ್ಟಿ ತಿರುವಿ ಹಾಕಿದಳು. "ನೋಡಿದ್ರ ತಾನ," ಎಂದಳು.

ಮಾಲಾ ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಮರುದಿನ ಅವಳು ಕುಬೇರನನ್ನು ಅತ್ತೆಯ ಕೈಗೆ ಕೊಟ್ಟು, ಹಳಿಯಾಳದ ಬಸ್ಸಿಗೆ ಬರುವವರನ್ನು ಕರೆತರಲು ಸಾಂಬ್ರಾಣಿಗೆ ನಡೆದಳು. ಬಸ್ಸಿನಿಂದ ಇಳಿದವಳು ಸಂಸ್ಥೆಯವರು ಕಳಿಸಿದ ವಿದ್ಯಾವತಿ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಡಿದವರ ಮಗಳು, ಮದುವೆಯಾಗಿ ಧಾರವಾಡ ಸೇರಿದವಳು. ಹೆಗಲಿಗೊಂದು ಚೀಲ, ಚೀಲದಲ್ಲಿ ಜಂತಿಗೆ ನೇತುಹಾಕುವ ತಕ್ಕಡಿ. ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ದಾರಿ ಬಿಡುತ್ತ ಇಬ್ಬರೂ ನಡೆದರು. ವಿದ್ಯಾವತಿ ಮೊದಲು ಯಾರ ಮನೆಗೆ ಹೋಗೋಣವೆಂದು ಕೇಳಿದಳು. ಮಾಲಾ ಸುಳ್ಳು ಹೇಳುವ ಮನಸ್ಸಾಗದೆ ತುಳಜಾಳ ಹೆಸರು ಹೇಳಿದಳು.

"ಅಕಿ ಮಗಳು ಸ್ವಲ್ಪ ಸಣ್ಣಾಗ್ಯಾಳ್ರಿ, ಬಾಯಾರ. ನಾ ಹೇಳೂದೆಲ್ಲ ಹೇಳೇನಿ. ಯಾಕ ಹಿಂಗ ಅಂತ ತಿಳೀವಲ್ದು."

"ನೋಡೂಣು ನಡೀರಿ," ಎಂದಳು ವಿದ್ಯಾವತಿ.

ತುಳಜಾಳ ಪಡಸಾಲೆಯಲ್ಲಿ ನಾನಿಬಾಯಿ ಆಗಲೇ ಬಂದು ಕೂತಿದ್ದಳು. ತುಳಜಾ ಗುಲಾಬಿ ಬಣ್ಣದ ಝಾಲರಿ ಫ್ರಾಕು ಹಾಕಿದ ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕೂಸಿನ ತಲೆಯ ಕುಂಚಿಗೆಯನ್ನು ಹುಬ್ಬಿನವರೆಗೆ ಎಳೆದು ಕಟ್ಟಿದ್ದಳು. ಕೆನ್ನೆಯ ಮೇಲೆ ದೊಡ್ಡದೊಂದು ಕಾಡಿಗೆಯ ಬೊಟ್ಟು.

ಮಾಲಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹೆತ್ತವಳಿಗೆ ಅದು ಯಾರ ಕೂಸೆಂದು ಗೊತ್ತಾಗಲು ಕುಂಚಿಗೆ ಬಿಚ್ಚಬೇಕಾಗಿರಲಿಲ್ಲ. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಜಂತಿ ನೋಡುತ್ತಿದ್ದಳು.

"ಸಣ್ಣಾಗ್ಯಾಳ ಅಂದ್ರಿ?" ಎಂದು ವಿದ್ಯಾವತಿ ಮಾಲಾಳ ಕಡೆ ತಿರುಗಿದಳು. ವಿದ್ಯಾವತಿ ಚಾಪೆಯ ಮೇಲೆ ಕೂತು ತುಳಜಾಳನ್ನು ಒಂದೊಂದಾಗಿ ಕೇಳತೊಡಗಿದಳು. ತುಳಜಾ ಶಾಲೆಯ ಹುಡುಗಿಯಂತೆ ಕಣ್ಣು ಮುಚ್ಚಿ ಒಪ್ಪಿಸಿದಳು: ಮೊದಲ ಹಾಲು ಕುಡಿಸಿದೆ, ಆರು ತಿಂಗಳು ಏನೂ ಕೊಡಲಿಲ್ಲ, ಈಗ ಅನ್ನ-ಬೇಳೆ, ಬಾಳೆಹಣ್ಣು, ತತ್ತಿ. ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ಕೂಸು ಮಾಲಾಳನ್ನು ನೋಡಿ ಎರಡೂ ಕೈ ಚಾಚಿ ಜಿಗಿಯತೊಡಗಿತು. ತುಳಜಾ ಬಿಗಿಹಿಡಿದಷ್ಟೂ ಅದು ಬಾಗಿಲ ಕಡೆ ಬಾಗಿ ಅಳತೊಡಗಿತು.

"ನಿಮ್ಮನ್ನ ಭಾಳ ಹಚ್ಕೊಂಡೈತಲ್ಲ," ಎಂದಳು ವಿದ್ಯಾವತಿ. ಎದ್ದು ತಕ್ಕಡಿಯನ್ನು ಜಂತಿಗೆ ಕಟ್ಟಿದಳು. "ಅರಿವಿ ತಗೀರಿ, ತೂಗೂಣು."

ನಾನಿಬಾಯಿ ಥಟ್ಟನೆ ಎದ್ದಳು. "ಥಂಡಿ ಐತ್ರಿ, ಬಾಯಾರ. ಅರಿವಿ ಸಮೇತ ತೂಗ್ರಿ. ಫ್ರಾಕಿಂದೇನ್ ಭಾರ."

"ಬರೇ ಮೈಲೇ ತೂಗಬೇಕ್ರಿ, ಅಜ್ಜಿ," ಎಂದು ವಿದ್ಯಾವತಿ ತಾನೇ ಫ್ರಾಕು ಎತ್ತಿದಳು. ಎತ್ತಿದವಳು ಒಂದು ಗಳಿಗೆ ಹಾಗೇ ನಿಂತಳು. ಬಳಿಕ ಶಾಂತವಾಗಿ ಕೇಳಿದಳು, "ತುಳಜಾ, ನಿಮ್ಮದು ಹೆಣ್ಣಗೂಸು ಅಲ್ಲೇನು?"

ಕುಬೇರ ಅಳುತ್ತಲೇ ಇದ್ದ. ಮಾಲಾಳ ಕುಪ್ಪಸ ಎದೆಯ ಮೇಲೆ ಒದ್ದೆಯಾಗತೊಡಗಿತ್ತು. ಅವಳು ಒಳಗೆ ಬಂದು ಮಗನನ್ನು ಎತ್ತಿಕೊಂಡು, ಗೋಡೆಗೊರಗಿ ಕೂತು, ಸೆರಗು ಹೊದೆದು ಹಾಲಿಗೆ ಹಾಕಿಕೊಂಡಳು.

"ಇಂವ ನನ್ನ ಮಗಾರಿ," ಎಂದಳು. "ಮನ್ಯಾಗ ಬಿಟ್ಟು ಬಂದಿದ್ದೆ. ಇಲ್ಲಿ ಬಂದು ನೋಡಿದಾಗ ನನಗೂ ಗೊತ್ತಾತು. ಆದ್ರ ಗೊತ್ತಾದ ಕೂಡ್ಲೆ ನಾ ಹೇಳ್ಬೇಕಾಗಿತ್ತು."

"ಅಕಿಗೇನ್ ಅನಬ್ಯಾಡ್ರಿ," ಎಂದಳು ನಾನಿಬಾಯಿ. "ಇದು ನನ್ನ ಕೆಲಸ. ತೆಳ್ಳನ್ನ ಕೂಸು ತೋರ್ಸಿದ್ರ ನೀವು ಎಲ್ಲಾ ಬಂದ್ ಮಾಡಿ ಹೋಗ್ತೀರಿ ಅಂತ ಮಾಡೇನಿ. ನನ್ನ ಸೊಸಿ ಬಂದು ಹೇಳೂಕಿಂತ ಮೊದ್ಲು ಈ ವಾಡ್ಯಾಗ ಮೊದಲ ಹಾಲು ಎಲ್ಲಾರೂ ಚೆಲ್ಲತಿದ್ರು. ನಾನೂ ಚೆಲ್ಲೇನಿ."

ವಿದ್ಯಾವತಿಯ ತುಟಿ ನಡುಗುತ್ತಿತ್ತು. ಸಿಟ್ಟೆಂದುಕೊಂಡು ತುಳಜಾ ತಲೆ ತಗ್ಗಿಸಿದಳು. ಆದರೆ ವಿದ್ಯಾವತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕಣ್ಣೊರೆಸಿಕೊಂಡು ಮತ್ತೆ ಚಾಪೆಯ ಮೇಲೆ ಕೂತಳು.

"ನಾ ಪರೀಕ್ಷೆ ಮಾಡಾಕ ಬಂದಿದ್ದು ನಿಮ್ಮನ್ನಲ್ಲ. ನಮ್ಮ ಕಾರ್ಯಕ್ರಮ ಎಲ್ಲಿ ತಪ್ಪೇತಿ ಅಂತ ನೋಡಾಕ. ಚಲೋ ಬೆಳದ ಕೂಸು ನೋಡಿದ್ರ ಅದು ಹೆಂಗ ತಿಳೀತೈತಿ? ಸಕ್ಕುಬಾಯಿ ಎಲ್ಲಿ?"

ಸಕ್ಕು ಹಿತ್ತಲಲ್ಲಿ ಬಿಸಿಲಿಗೆ, ಅಜ್ಜ ಜೈರಾಮನ ತೊಡೆಯ ಮೇಲಿದ್ದಳು. ಜೈರಾಮ ತುಳಜಾಳ ಮಾವ. ಮಂಡಿನೋವಿನಿಂದ ಕೂಲಿ ಬಿಟ್ಟು ಮನೆಯಲ್ಲೇ ಇರುವವನು. ಅವನು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಊದಿ, ಮೊಮ್ಮಗಳ ಬಾಯಿಗೆ ಇಡುತ್ತಿದ್ದ. ಅವಳು ಚಪ್ಪರಿಸುತ್ತಿದ್ದಳು.

"ದಿನಾ ನೀವ ಉಣಸ್ತೀರೇನ್ರಿ, ಅಜ್ಜಾರ?" ಎಂದು ವಿದ್ಯಾವತಿ ಪಕ್ಕದಲ್ಲಿ ಕೂತಳು.

"ಮತ್ತ್ಯಾರು? ತುಳಜಾ ನಸುಕಿನ್ಯಾಗ ಕಬ್ಬು ಕಡ್ಯಾಕ ಹೋದ್ರ ಬರೂದು ದೀಪ ಹಚ್ಚೂ ಹೊತ್ತಿಗೆ. ಅಲ್ಲೀತನಾ ಇಕಿ, ನಾನು ಇಬ್ಬರ."

"ಅನ್ನ ಬ್ಯಾಳಿ ಕೊಡೂದಿಲ್ಲೇನು?"

"ಕೂಸಿಗೆ ಅನ್ನ ಕೊಟ್ರ ಗಂಟಲಿಗೆ ಸಿಗತೈತಿ ಅಂತ ನಮ್ಮವ್ವ ಹೇಳ್ತಿದ್ಲು. ಮಾಲಾ ಏನೋ ಹೇಳಿಕೊಡ್ತಾಳಂತ. ಮೀಟಿಂಗ್ ಬಂತಂದ್ರ ಗಂಡಸರು ಹೊರಗ ಹೋಗ್ರಿ ಅಂತ ನನ್ನ ಎಬ್ಬಸ್ತಾಳ."

ಮಾಲಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಹಾಗೆ ಎಬ್ಬಿಸಿದ್ದು ನಿಜ. ಹಾಲೂಡಿಸುವ ಮಾತಿಗೆ ಹೆಂಗಸರು ನಾಚಬಾರದೆಂದು ಹಾಗೆ ಮಾಡಿದ್ದಳು. ಅವಳು ಹೇಳಿದ್ದೆಲ್ಲ ತುಳಜಾಳ ಬಾಯಿಗೆ ಬಂದಿತ್ತು. ತುಳಜಾ ಕಬ್ಬಿನ ಗದ್ದೆಯಲ್ಲಿರುವಾಗ ಆ ಪಾಠದಿಂದ ಸಕ್ಕುವಿನ ಹೊಟ್ಟೆ ತುಂಬುವುದು ಹೇಗೆ? ಅವಳು ಒಳಗೆ ಹೋಗಿ ಮಧ್ಯಾಹ್ನದ ಅನ್ನ, ಬೇಳೆ ತಂದು, ಒಂದು ಹನಿ ಎಣ್ಣೆ ಬಿಟ್ಟು, ಬಟ್ಟಲನ್ನು ಜೈರಾಮನ ಮುಂದಿಟ್ಟಳು.

"ಮಾವಾ, ಕೈ ತೊಳ್ಕೊಂಡು ನೀವ ಹಿಚುಕ್ರಿ. ಬೆಣ್ಣಿ ಆಗಬೇಕು. ಗಂಟಲಿಗೆ ಸಿಗೂದಿಲ್ಲ, ನಾ ಇಲ್ಲೇ ಕುಂತೇನಿ."

ಜೈರಾಮ ಅಂಜುತ್ತಲೇ ಹಿಚುಕಿದ. ಮೊದಲ ತುತ್ತನ್ನು ಸಕ್ಕು ವಿದ್ಯಾವತಿಯ ಸೀರೆಯ ಮೇಲೆ ಉಗಿದಳು. ಎರಡನೆಯದನ್ನೂ ಉಗಿದಳು. ಮುದುಕ ಬೇಸರಪಡಲಿಲ್ಲ. ಬಿಸ್ಕೀಟು ತಿನ್ನಿಸುವಾಗ ಹೇಳುತ್ತಿದ್ದ ಯಾವುದೋ ಕೊಂಕಣಿ ಮಾತನ್ನು ಗುನುಗುತ್ತ ಮತ್ತೆ ಇಟ್ಟ. ಈ ಸಲ ಅವಳು ಅವನ ಮುಖ ನೋಡುತ್ತ ನುಂಗಿದಳು. ಆಮೇಲೆ ತಾನೇ ಬಾಯಿ ತೆರೆದಳು. ತುಳಜಾ ಬಾಗಿಲಲ್ಲಿ ನಿಂತು ಸದ್ದಿಲ್ಲದೆ ಕಣ್ಣು ಒರೆಸಿಕೊಂಡಳು.

ಉಳಿದ ಮನೆಗಳಲ್ಲೂ ಅವತ್ತು ಅವರು ಮೊದಲು ಕೇಳಿದ್ದು, ಹಗಲು ಹೊತ್ತು ಕೂಸು ಯಾರ ಕೈಯಲ್ಲಿರುತ್ತದೆ ಎಂದು. ಹೆಚ್ಚಿನ ಕಡೆ ಅಜ್ಜಿ, ಅಜ್ಜ. ಬಸ್ಸಿಗೆ ಬಿಡಲು ಹೋಗುವಾಗ ಮಾಲಾ ಕೇಳಿಯೇಬಿಟ್ಟಳು.

"ಕೂಸು ಬದಲಿ ಮಾಡಿದ್ದು ವರದ್ಯಾಗ ಬರೀತೀರೇನ್ರಿ?"

"ಬರೀಬೇಕಾಗತೈತಿ. ಜನ ಅಂಜಿ ಸುಳ್ಳು ಹೇಳೂ ಹಂಗ ನಾವ ಮಾಡೇವಲ್ಲ, ಅದೂ ಒಂದು ತಪ್ಪು. ಯಾರ ಹೆಸರೂ ಬರಿಯೂದಿಲ್ಲ. ಮೊದಲ ಹಾಲಿನ ಮಾತೂ ಬರೀತೇನಿ. ಅದು ನೀವು ಗೆದ್ದದ್ದು."

ಸಂಕ್ರಾಂತಿ ಕಳೆದ ಮೇಲೆ ಸುದ್ದಿ ಬಂತು. ಕಾರ್ಯಕ್ರಮ ಮುಂದುವರಿಯುತ್ತದೆ, ಇನ್ನು ಮುಂದೆ ಸಭೆ ಸಂಜೆಗೆ, ಮನೆಯಲ್ಲಿ ಕೂಸು ನೋಡಿಕೊಳ್ಳುವವರೆಲ್ಲ ಬರಬೇಕು. ಸಕ್ಕು ಒಮ್ಮೆಲೇ ದುಂಡಗಾಗಲಿಲ್ಲ. ನಡುವೆ ಜ್ವರ ಬಂದು ಮತ್ತೆ ಸೊರಗಿದಳು. ಆದರೆ ಹೋಳಿಯ ಹೊತ್ತಿಗೆ ಅಜ್ಜನ ಹೆಗಲು ಹಿಡಿದು ತಾನಾಗಿ ನಿಲ್ಲತೊಡಗಿದಳು.

ಆ ತಿಂಗಳ ಸಭೆ ತುಳಜಾಳ ಅಂಗಳದಲ್ಲಿ ಸೇರಿತು. ಕೂಸಿನ ಅನ್ನಕ್ಕೆ ಬೆಲ್ಲ ಹಾಕಿದರೆ ಚಲೋ ಎಂದು ನಾನಿಬಾಯಿ, ಬೆಲ್ಲ ಬೇಡ, ತತ್ತಿಯ ಹಳದಿ ಹಾಕಬೇಕೆಂದು ಜೈರಾಮ. ನೀನು ಎಷ್ಟು ಕೂಸು ಬೆಳೆಸಿದ್ದೀ ಎಂದು ಅವಳು, ಸಕ್ಕುವನ್ನು ನೋಡು ಎಂದು ಅವನು. ಉಳಿದ ಅಜ್ಜಿಯರೂ ಒಬ್ಬೊಬ್ಬರಾಗಿ ಒಂದೊಂದು ಕಡೆ ಸೇರಿಕೊಂಡರು. ಹೇಳಬೇಕಾದದ್ದನ್ನು ಮನೆಯಿಂದ ಯೋಚಿಸಿಕೊಂಡು ಬಂದಿದ್ದ ಮಾಲಾ ಬಾಯಿ ತೆರೆಯಲು ಎರಡು ಸಲ ನೋಡಿದಳು. ಕೊನೆಗೆ ಕುಬೇರನನ್ನು ಮಡಿಲಿಗೆ ಹಾಕಿಕೊಂಡು, ಅವರ ಜಗಳ ಮುಗಿಯಲೆಂದು ನಗುತ್ತ ಕೂತಳು.