ನಿಂಗವ್ವನ ಕೌದಿ, ಶಿವಲಿಂಗವ್ವನ ಕಂಪ್ಯೂಟರ್

ನಡೆಯುತ್ತಿದ್ದ ಎತ್ತು ನಿಂತರೆ ಬಾರುಕೋಲು ತೋರಿಸಬಹುದು. ನಡೆಯುತ್ತಿದ್ದ ಕಂಪ್ಯೂಟರ್ ನಿಂತರೆ ಏನು ತೋರಿಸುವುದು? 1988ರ ಚಳಿಗಾಲದಲ್ಲಿ ಖಾನಾಪುರದ ಈರಣ್ಣನ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಬಾರುಕೋಲು ಒಂದನ್ನು ಬಿಟ್ಟು ಉಳಿದದ್ದೆಲ್ಲ ತೋರಿಸಿದರು.

ಆಗ ಆ ಓಣಿಯಲ್ಲಿ ಕಂಪ್ಯೂಟರ್ ಇದ್ದ ಮನೆ ಅದೊಂದೇ. ಬೆಳಗಾವಿಯಿಂದ ಟೆಂಪೋದಲ್ಲಿ ಅದು ಬಂದಿಳಿದ ದಿನ ನೋಡಲು ಎಷ್ಟು ಜನ ಬಂದರೆಂದರೆ, ಹೊಸ್ತಿಲು ನಾಲ್ಕು ಬೆರಳು ಸವೆದು ಮರುದಿನ ಬಡಿಗನನ್ನು ಕರೆಸಬೇಕಾಯಿತು. ಈರಣ್ಣ ಅದನ್ನು ತಂದದ್ದು ಹೆಂಡತಿ ಶಿವಲಿಂಗವ್ವನಿಗಾಗಿ. ಅವಳು ಮದುವೆಗೆ ಮುಂಚೆ ಬೆಳಗಾವಿಯಲ್ಲಿ ಟೈಪಿಂಗ್ ಕಲಿತವಳು. ಮದುವೆಯಾದ ಮೇಲೆ ಆ ಬೆರಳುಗಳಿಗೆ ರೊಟ್ಟಿ ಬಡಿಯುವುದೊಂದೇ ಕೆಲಸ. ಈಗ ಮೊದಲ ಸಲ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿತ್ತು. ಕಣ್ಣಿನ ಶಿಬಿರಕ್ಕೆ ಬರಬೇಕಾದ ತಾಲೂಕಿನ ಮುನ್ನೂರು ಹಿರಿಯರ ಹೆಸರು, ಊರು ಟೈಪ್ ಮಾಡಿ ಕೊಡಬೇಕು. ಇದನ್ನು ಸರಿಯಾಗಿ ಮುಗಿಸಿದರೆ ಮುಂದೆಯೂ ಕೆಲಸ ಕೊಡುತ್ತೇವೆ ಎಂದು ಶಿಬಿರದವರು ಹೇಳಿದ್ದರು.

ಆದರೆ ಇಪ್ಪತ್ತು ಮೂವತ್ತು ಹೆಸರಾಗುವ ಹೊತ್ತಿಗೆ ಪರದೆ ಕಲ್ಲಾಗಿಬಿಡುತ್ತಿತ್ತು. ಯಾವ ಗುಂಡಿ ಒತ್ತಿದರೂ ಅಕ್ಷರ ಮೂಡುತ್ತಿರಲಿಲ್ಲ. ಒಮ್ಮೊಮ್ಮೆ ತಾನೇ ಆರಿ ತಾನೇ ಹತ್ತುತ್ತಿತ್ತು. ಬರೆದದ್ದೆಲ್ಲ ಮಾಯ.

ಈರಣ್ಣನ ತಾಳ್ಮೆ ಮುಗಿಯಿತು. "ಹನ್ನೊಂದ ಸಲ ನಿಂತೈತಿ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಟೆಂಪೋದಾಂವ ಬರ್ತಾನ, ಪೆಟಗಿ ವಾಪಸ್ ಹಾಕಿ ಕಳಸ್ತೇನಿ."

"ಹಂಗಾದ್ರ ನನ್ನ ಕೆಲಸ ಏನ್ರಿ?"

"ನಿನ್ನ ಕೆಲಸ ಒಲಿ ಮುಂದ ಐತಲ್ಲ. ಅದು ಎಂದೂ ನಿಲ್ಲಂಗಿಲ್ಲ."

ಶಿವಲಿಂಗವ್ವ ಒಂದು ಕಾರ್ಡು ತೆಗೆದುಕೊಂಡು ಬೆಳಗಾವಿಯ ಶಿವಬಸವ ನಗರಕ್ಕೆ ಬರೆದಳು. ಅಲ್ಲಿ ಈರಣ್ಣನ ಚಿಕ್ಕವ್ವನ ಮಗಳು ಸಾವಂತ್ರವ್ವ ಇದ್ದಳು. ಕಂಪ್ಯೂಟರ್ ಕಲಿಸುವ ಒಂದು ಕ್ಲಾಸಿನಲ್ಲಿ ಅವಳೇ ಮಾಸ್ತರಬಾಯಿ.

ಇತ್ತ ಈರಣ್ಣನ ತಾಯಿ ನಿಂಗವ್ವ ಸುಮ್ಮನಿರಲಿಲ್ಲ. ಮೊದಲ ದಿನವೇ ಪೆಟ್ಟಿಗೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದಳು. ಅಂದಿನಿಂದ ಮುಂಜಾನೆ ಪೂಜೆ ಮುಗಿದ ಮೇಲೆ ತನ್ನ ಹಣೆಗೆ, ಆಮೇಲೆ ಪೆಟ್ಟಿಗೆಗೆ. ಮಿಕ್ಕಿದ ಪುಡಿಯನ್ನು ಪೆಟ್ಟಿಗೆಯ ಸಂದುಗಳಲ್ಲಿ ಉದುರಿಸುತ್ತಿದ್ದಳು, ಒಳಗಿರುವವರಿಗೂ ತಲುಪಲಿ ಎಂದು. ಯಂತ್ರ ನಿಂತಾಗ ಅದರ ಬೆನ್ನ ಮೇಲೆ ಕೈಯಿಟ್ಟು ನೋಡಿದಳು.

"ಶಿವಲಿಂಗಿ, ಇದರ ಮೈ ಸುಡಾಕತ್ತೈತಿ. ಜ್ವರ ಬಂದೈತಿ ಇದಕ್ಕ."

"ಯಂತ್ರಕ್ಕ ಎಲ್ಲಿ ಜ್ವರ ಬರ್ತಾವ್ರಿ ಅತ್ತ್ಯಾರ?"

"ನಾ ಏಳು ಮಕ್ಕಳನ್ನ ಬೆಳಸೇನಿ. ಜ್ವರ ಹೆಂಗಿರ್ತೈತಿ ನನಗ ಕಲಸಬ್ಯಾಡ."

ಜ್ವರಕ್ಕೆ ಮದ್ದು ಕೌದಿ. ಹೊದಿಸಿದರೆ ಬೆವರು ಬಂದು ಜ್ವರ ಇಳಿಯುತ್ತದೆ. ನಿಂಗವ್ವ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹೊಲಿದು ಮಾಡಿದ ಆ ಕೌದಿ ಎಷ್ಟು ದಪ್ಪವಿತ್ತೆಂದರೆ, ಅದರೊಳಗೆ ಹೊಕ್ಕ ಇರುವೆಯೊಂದು ಹೊರಗೆ ಬರುವಾಗ ಮೊಮ್ಮಕ್ಕಳೊಂದಿಗೆ ಬಂದಿತ್ತು. ಅದನ್ನು ಪೆಟ್ಟಿಗೆಗೆ ಸುತ್ತಿ, ಪರದೆಯ ಮುಖವೊಂದನ್ನು ಬಿಟ್ಟಳು. ತಲೆಯ ಮೇಲೆ ಸೆರಗು ಹೊದ್ದ ಮುದುಕಿಯಂತೆ ಕಾಣುತ್ತಿತ್ತು ಯಂತ್ರ. ಸಂಜೆ ಕೌದಿ ಮಡಚಿ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಿದ್ದಳು. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಮತ್ತೆ ಯಂತ್ರ ನಿಂತರೆ ಜ್ವರ ಹೆಚ್ಚಾಗಿದೆ ಎಂದು ಮೇಲೊಂದು ಕಂಬಳಿ.

ಸಾವಂತ್ರವ್ವನಿಂದ ಉತ್ತರ ಬಂತು. "ವೈನಿ, ಅವಸರ ಮಾಡಬೇಡ. ಒಂದು ವಾರ ಏನನ್ನೂ ಬದಲಾಯಿಸದೆ, ಯಂತ್ರ ಯಾವಾಗ ನಿಂತಿತು, ಆಗ ಮನೆಯಲ್ಲಿ ಏನು ನಡೆದಿತ್ತು, ಎಲ್ಲ ಬರೆದಿಡು. ಹತ್ತು ಹೆಸರು ಮುಗಿದ ಕೂಡಲೇ ಫ್ಲಾಪಿ ತಟ್ಟೆಗೆ ಇಳಿಸಿ ಉಳಿಸಿಡು. ನಿಂತರೂ ಹತ್ತೇ ಹೋಗುತ್ತವೆ. ರವಿವಾರ ಬರುತ್ತೇನೆ."

ರವಿವಾರ ಮುಂಜಾನೆಯ ಬಸ್ಸಿಗೆ ಅವಳು ಬಂದಳು. ಶಿವಲಿಂಗವ್ವ ನೋಟ್‌ಬುಕ್ ತಂದಳು. ಈರಣ್ಣ ಅದನ್ನು ಕಸಿದುಕೊಂಡು ಎಲ್ಲರ ಮುಂದೆ ಗಟ್ಟಿಯಾಗಿ ಓದಿದ.

"ಸೋಮವಾರ, ಅತ್ತೆಯವರು ಮನೆಯಲ್ಲಿ. ಮೂರು ಸಲ ನಿಂತಿತು. ಮಂಗಳವಾರ, ಅತ್ತೆಯವರು ಹಲಸಿ ಊರಿಗೆ ಹೋದರು. ನಿಲ್ಲಲಿಲ್ಲ. ಬುಧವಾರ, ಅತ್ತೆಯವರು ಹಲಸಿಯಲ್ಲಿ. ನಿಲ್ಲಲಿಲ್ಲ. ಗುರುವಾರ, ಅತ್ತೆಯವರು ಬಂದರು. ನಿಂತಿತು."

ನಿಂಗವ್ವ ಸೊಸೆಯ ಕಡೆ ತಿರುಗಿದಳು.

"ಅಂದ್ರ ನಾನ ಇದಕ್ಕ ಹಿಡದ ಪೀಡಾ ಅಂದಂಗಾತು."

"ಅತ್ತ್ಯಾರ, ನಡದದ್ದಷ್ಟ ಬರದೇನ್ರಿ. ಬ್ಯಾರೆ ಏನೂ ಮನಸಿನ್ಯಾಗ ಇಲ್ರಿ."

"ಬರದದ್ದು ಭಾಳ ಚಂದ ಐತಿ. ನಾ ತವರಮನಿಗೆ ಹೋಗ್ತೇನಿ. ಪೆಟಗಿ ಸುಖವಾಗಿ ಬಾಳ್ಲಿ." ಅರವತ್ತೆರಡರ ನಿಂಗವ್ವ ಚೀಲಕ್ಕೆ ಸೀರೆ ತುಂಬತೊಡಗಿದಳು.

ಈರಣ್ಣ ಹೆಂಡತಿಯ ಮೇಲೆ ಸಿಟ್ಟಾದ. "ನೋಡು, ಪೆಟಗಿ ಸಲುವಾಗಿ ಮನಿ ಒಡ್ಯಾಕ ಬಂತು. ಇವತ್ತ ಕಳಸ್ತೇನಿ ಇದನ್ನ."

"ತಡಿ ಅಣ್ಣಾ," ಎಂದಳು ಸಾವಂತ್ರವ್ವ. "ದೊಡ್ಡವ್ವ, ನೀ ಊರಾಗ ಇಲ್ಲದ ದಿನ ಇನ್ನೇನೇನು ಇರಂಗಿಲ್ಲ?"

"ನಾ ಇಲ್ಲಂದ್ರ ಈ ಮನ್ಯಾಗ ಏನ ಇರ್ತೈತಿ? ಪೆಟಗಿಗೆ ಕೌದಿ ಹೊಚ್ಚವರೂ ಇರಂಗಿಲ್ಲ."

"ಆ ಕೌದಿ ಟ್ರಂಕಿನ್ಯಾಗ ಇರ್ತೈತಿ. ಹೌದಿಲ್ಲೋ?"

ನಿಂಗವ್ವನ ಕೈ ಚೀಲದಲ್ಲೇ ನಿಂತಿತು.

"ಹಂಗಾದ್ರ ನೀ ಇಲ್ಲೇ ಕುಂಡ್ರು, ಕೌದಿ ಅಷ್ಟ ತಗೀತೇನಿ. ನೋಡೂಣು ಯಾರ ಪೀಡಾ ಅಂತ."

"ಕೌದಿ, ಕಂಬಳಿ, ವಿಭೂತಿ, ಎಲ್ಲಾ ಒಮ್ಮೆಗೇ ತಗದಬಿಡು," ಎಂದ ಈರಣ್ಣ.

"ಎಲ್ಲಾ ಒಮ್ಮೆಗೇ ತಗದ್ರ ತಪ್ಪು ಯಾರದು ಅಂತ ಹೆಂಗ ಗೊತ್ತಾಗಬೇಕು? ಸಾರು ಕೆಟ್ರ ಉಪ್ಪೋ ಹುಳಿಯೋ ಅಂತ ಒಂದೊಂದ ನೋಡ್ತೀವಿ. ಇದೂ ಹಂಗ."

ಹೊದಿಕೆ ತೆಗೆದರು. ಶಿವಲಿಂಗವ್ವ ಟೈಪ್ ಮಾಡುತ್ತಾ ಹೋದಳು. ನಿಂಗವ್ವ ಯಂತ್ರದ ಮುಂದೆಯೇ ಕೂತು, ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಒಂದು ತಾಸಾಯಿತು. ನಿಲ್ಲಲಿಲ್ಲ. ಮತ್ತೆ ಹೊದಿಸಿದರು. ಅರ್ಧ ತಾಸಿಗೆ ಪರದೆ ಕಲ್ಲಾಯಿತು.

"ಹಂಗಾದ್ರ ಪೀಡಾ ನಾ ಅಲ್ಲ, ಕೌದಿ," ಎಂದಳು ನಿಂಗವ್ವ, ಕೋರ್ಟಿನಲ್ಲಿ ಗೆದ್ದವಳಂತೆ. ಆಮೇಲೆ ದನಿ ತಗ್ಗಿಸಿದಳು. "ಆದ್ರ ಮೈ ಬಿಸಿ ಇತ್ತಲ್ಲ?"

"ಇತ್ತು, ನೀ ಸರಿಯಾಗೇ ಹಿಡದಿ. ಆದ್ರ ಮನಷ್ಯಾ ಬೆವರತಾನ, ಇದಕ್ಕ ಬೆವರಾಕ ಬರಂಗಿಲ್ಲ. ಹಿಂದ ಸಣ್ಣ ಫ್ಯಾನ್ ಐತಿ ನೋಡು, ಅದ ಇದರ ಮೂಗು. ನೀ ಅಕ್ಕರಿಲೆ ಮೂಗು ಮುಚ್ಚಿದಿ."

ಸಾವಂತ್ರವ್ವ ಯಂತ್ರ ಆರಿಸಿ, ಪ್ಲಗ್ ಕಿತ್ತು, ಅದು ತಣ್ಣಗಾಗುವವರೆಗೆ ಚಹಾ ಕುಡಿದು, ಆಮೇಲೆ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ಇಡೀ ಓಣಿ ವರ್ಷವೆಲ್ಲ ಹಣೆಗೆ ಹಚ್ಚಿಕೊಂಡರೂ ಮಿಗುವಷ್ಟು ವಿಭೂತಿ ಒಳಗಿತ್ತು. ಫ್ಯಾನಿನ ರೆಕ್ಕೆಗಳು ಬೂದಿಯಲ್ಲಿ ಹೂತು ತಪಸ್ಸಿಗೆ ಕೂತಂತಿದ್ದವು.

"ವಿಭೂತಿಯಿಂದ ಯಾರಿಗೂ ಕೆಟ್ಟದ್ದಾಗಂಗಿಲ್ಲ," ಎಂದಳು ನಿಂಗವ್ವ.

"ಹಣಿ ಮ್ಯಾಲ ಇದ್ರ ಬಂಗಾರ. ಮೂಗಿನ್ಯಾಗ ಹೋದ್ರ ನೀನೂ ಸೀನ್ತಿ."

ನಿಂಗವ್ವ ಸ್ವಲ್ಪ ಯೋಚಿಸಿ, ತಾನೇ ಮೆತ್ತನೆಯ ಬ್ರಷ್ ಹಿಡಿದು ಧೂಳು ತೆಗೆದಳು.

"ಇನ್ನ ತಾನ ಆರಿ ತಾನ ಹತ್ತೂದು ಉಳೀತಲ್ಲ?" ಎಂದ ಈರಣ್ಣ.

ಸಾವಂತ್ರವ್ವ ನೋಟ್‌ಬುಕ್ಕಿನ ಮುಂದಿನ ಪುಟ ಓದಿದಳು. "ಗುರುವಾರ, ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಮಾಡುವಾಗ ಆರಿತು. ಶುಕ್ರವಾರ, ಗುರೆಳ್ಳು ಚಟ್ನಿ ಮಾಡುವಾಗ ಆರಿತು. ಶನಿವಾರ, ಮತ್ತೆ ಶೇಂಗಾ ಚಟ್ನಿ." ತಲೆ ಎತ್ತಿ ಕೇಳಿದಳು, "ಈ ಮನ್ಯಾಗ ದಿನಾ ಚಟ್ನಿ ಯಾರಿಗೆ ಬೇಕು?"

ಮೂವರು ಹೆಂಗಸರೂ ಈರಣ್ಣನನ್ನು ನೋಡಿದರು. ಅವನು ಛಾವಣಿ ನೋಡಿದ.

ಒಂದೇ ಬೋರ್ಡಿಗೆ ಮಿಕ್ಸರನ್ನೂ ಕಂಪ್ಯೂಟರನ್ನೂ ಚುಚ್ಚಿದ್ದರು. ಮಿಕ್ಸರ್ ತಿರುಗಿದಾಗ ಕರೆಂಟು ತಗ್ಗಿ ಕಂಪ್ಯೂಟರ್ ಆರುತ್ತಿತ್ತು. ಮಿಕ್ಸರನ್ನು ಅಡುಗೆಮನೆಗೆ ಕಳಿಸಿದರು. ಕಂಪ್ಯೂಟರಿಗೆ ಬೇರೆ ಪ್ಲಗ್, ನಡುವೆ ಸಾವಂತ್ರವ್ವ ತಂದಿದ್ದ ಸ್ಟೆಬಿಲೈಜರ್, ಕರೆಂಟು ಏರಿಳಿಯದಂತೆ ನೋಡಿಕೊಳ್ಳುವ ಡಬ್ಬಿ. ಆಮೇಲೆ ಚಟ್ನಿ ಮಾಡಿ ನೋಡಿದರು. ಪರದೆ ಅಲುಗಲಿಲ್ಲ.

ವಾರದಲ್ಲಿ ಉಳಿಸಿಟ್ಟ ಹೆಸರುಗಳ ಮುಂದೆ ಶಿವಲಿಂಗವ್ವ ಟೈಪ್ ಮಾಡುತ್ತಾ ಹೋದಳು. ದೀಪ ಹಚ್ಚುವ ಹೊತ್ತಿಗೆ ಮುನ್ನೂರನೇ ಹೆಸರು ಫ್ಲಾಪಿಗೆ ಇಳಿಯಿತು. ಅವಳು ಗಂಡನ ಕಡೆ ನೋಡಿದಳು.

ಮಾತಾಡಿದವಳು ನಿಂಗವ್ವ. "ಈರ್ಯಾ, ಟೆಂಪೋದಾಂವಗ ಬರಬ್ಯಾಡಂತ ಹೇಳಿ ಬಾ. ನಾಳಿಂದ ಮುಂಜಾನಿ ಎರಡ ತಾಸು ಒಲಿ ನಾ ನೋಡ್ತೇನಿ. ಶಿವಲಿಂಗಿ ತನ್ನ ಕೆಲಸಕ್ಕ ಕುಂದರ್ಲಿ."

"ಎವ್ವಾ, ಮತ್ತ ಚಟ್ನಿ?"

"ಒಳಕಲ್ಲು ಐತಿ. ನಿನಗ ಕೈ ಅದಾವ."

ಈರಣ್ಣ ಚಪ್ಪಲಿ ಮೆಟ್ಟಿ ಟೆಂಪೋದವನ ಮನೆಗೆ ಹೊರಟ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಮನೆಗೂ ಇಂದಲ್ಲ ನಾಳೆ ಈ ಯಂತ್ರ ಬರುತ್ತದೆ. ಅದು ನಡುವೆ ನಿಂತರೆ ದೃಷ್ಟಿಯಾಯಿತೆಂದು ಹೆದರಬೇಡಿ, ಮನೆಯವರ ಮೇಲೆ ಹರಿಹಾಯಬೇಡಿ. ಯಾವಾಗ ನಿಂತಿತು ಎಂದು ಬರೆದಿಡಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ. ನಡೆಯುವಾಗ ಬಟ್ಟೆ ಹೊದಿಸಬೇಡಿ, ಮಿಕ್ಸರಿನ ಜೊತೆ ಒಂದೇ ಬೋರ್ಡಿಗೆ ಚುಚ್ಚಬೇಡಿ. ಧೂಳು ತೆಗೆಯುವ ಮುಂಚೆ ಪ್ಲಗ್ ಕೀಳಿ. ಪರದೆಯ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ, ಅದು ತಿಳಿದವರ ಕೆಲಸ. ಬರೆದದ್ದನ್ನು ಆಗಾಗ ಫ್ಲಾಪಿಗೆ ಇಳಿಸಿ. ಇಷ್ಟೆಲ್ಲ ನೆನಪಿರದಿದ್ದರೆ ಒಂದನ್ನಾದರೂ ಮಾಡಿ: ಯಂತ್ರದ ಹಿಂದೆ ಅಂಗೈ ಹಿಡಿದು, ಗಾಳಿ ಬರುತ್ತಿದೆಯೇ ನೋಡಿ.