ಇನ್ನ ಆರಾಮ ಕುಂದರ್ರಿ

ಯುಗಾದಿ ಕಳೆದ ನಾಲ್ಕನೆಯ ದಿನ ಬಂದ ಜ್ವರ ಮೂರೇ ದಿನ ಇದ್ದು ಹೋಯಿತು. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಸಿದ್ದವ್ವನ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಒಯ್ದಿತು. ಮೊದಮೊದಲು ಆಕೆಗೇ ಅದು ತಿಳಿಯಲಿಲ್ಲ. ಗಂಜಿ ಸಪ್ಪಗಿದೆ ಎಂದು ಸೊಸೆ ಶಿಲ್ಪಾಳನ್ನು ಬೈದಳು. ಉಪ್ಪಿನಕಾಯಿ ತರಿಸಿಕೊಂಡಳು. ಅದೂ ಸಪ್ಪಗಿತ್ತು. ಹಾಕಿದವರನ್ನು ಬೈಯಲು ಬಾಯಿ ತೆರೆದವಳು, ಹಾಕಿದ್ದು ತಾನೇ ಎಂಬುದು ನೆನಪಾಗಿ ಬಾಯಿ ಮುಚ್ಚಿದಳು.

ಆ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದಳು. ಏನೂ ಇಲ್ಲ. ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಕಡೆಗೆ ದನದ ಕೊಟ್ಟಿಗೆಯ ನಡುವೆ ಹೋಗಿ ನಿಂತು ದೀರ್ಘವಾಗಿ ಉಸಿರೆಳೆದಳು. ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ಆ ಕೊಟ್ಟಿಗೆ ದೇವರಮನೆಯಷ್ಟು ಸ್ವಚ್ಛವಾಗಿತ್ತು. ಸಿದ್ದವ್ವ ಗೋಡೆ ಹಿಡಿದು ಅಲ್ಲೇ ಕುಳಿತುಬಿಟ್ಟಳು.

ಬೇರೆಯವರಿಗಾದರೆ ಇದು ಡಾಕ್ಟರಿಗೆ ಹೇಳುವ ಕಾಯಿಲೆ. ಸಿದ್ದವ್ವನಿಗೆ ಹಾಗಲ್ಲ. ಬನವಾಸಿ ಸುತ್ತಿನ ನಾಲ್ಕು ಹಳ್ಳಿಗಳಲ್ಲಿ ಆಕೆಯ ಹೆಸರು ನಿಂತಿದ್ದೇ ಮೂಗಿನ ಮೇಲೆ. ಕುದಿಯುವ ಪಾತ್ರೆಯ ಮುಚ್ಚಳ ತೆಗೆದು ಆವಿಗೆ ಮುಖವೊಡ್ಡಿ, "ಇನ್ನೊಂದು ಚಿಟಿಕಿ ಉಪ್ಪು" ಎನ್ನುವಳು. ಆ ಚಿಟಿಕೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಹಬ್ಬದ ದಿನವಂತೂ ಮೂಗೊಂದೇ ಗತಿ. ದೇವರಿಗೆ ಎಡೆ ಹಿಡಿಯುವ ತನಕ ಅಡಿಗೆಯನ್ನು ಯಾರೂ ನಾಲಿಗೆಗೆ ಹಚ್ಚಬಾರದು ಎಂಬುದು ಆ ಮನೆಯ ಕಟ್ಟಳೆ. ಹಿಂದೆ ಮಗಳು ಮಹೇಶ್ವರಿ ಒಂಬತ್ತು ವರ್ಷದವಳಿದ್ದಾಗ ಹೂರಣದ ಬೆರಳು ನೆಕ್ಕಿದ್ದಕ್ಕೆ ಸಿದ್ದವ್ವ ಆಕೆಗೆ ಎರಡನೆಯ ಸಲ ತಲೆಸ್ನಾನ ಮಾಡಿಸಿದ್ದಳು, ಹೂರಣವನ್ನು ಎಮ್ಮೆಗೆ ಹಾಕಿದ್ದಳು. ಎಮ್ಮೆ ಆ ವರ್ಷದ ಹಬ್ಬವನ್ನು ಬಹಳ ದಿನ ನೆನಪಿಟ್ಟುಕೊಂಡಿರಬೇಕು.

ಡಾಕ್ಟರಿಗೆ ಹೇಳಿದರೆ ಡಾಕ್ಟರು ಮಗ ಚನ್ನಬಸವನಿಗೆ ಹೇಳುತ್ತಾರೆ. ಅವನು ತುಂಬಾ ಒಳ್ಳೆಯವನು. ತೊಂದರೆ ಇದ್ದದ್ದೇ ಅಲ್ಲಿ. ಒಳ್ಳೆಯ ಮಕ್ಕಳು ಇಂಥ ಹೊತ್ತಿನಲ್ಲಿ ಹೇಳುವ ಮಾತು ಒಂದೇ: "ಅವ್ವಾ, ಇನ್ನ ಆರಾಮ ಕುಂದ್ರು."

ಆರಾಮ ಕೂರುವುದೆಂದರೆ ಏನೆಂದು ಸಿದ್ದವ್ವನಿಗೆ ಚೆನ್ನಾಗಿ ಗೊತ್ತಿತ್ತು. ಪಡಸಾಲೆಯ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಆಕೆಯ ಅತ್ತೆ ಮುರಿಗೆವ್ವ ಹನ್ನೊಂದು ವರ್ಷ ಆರಾಮ ಕೂತಿದ್ದಳು. ಒಂದು ಹಬ್ಬದ ದಿನ ಎಳೆ ಹಲಸಿನ ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಿತ್ತು. ಎಲೆಯ ಮುಂದೆ ಕೂತ ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಗದ್ದಲ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಸಿದ್ದವ್ವನೇ ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡು, ಬಹಳ ಮರ್ಯಾದೆಯಿಂದ, "ಅತ್ತಿ, ನಿಮ್ಮ ನಾಲಿಗಿಗೆ ವಯಸ್ಸಾತು. ನೀವಿನ್ನ ಆರಾಮ ಕುಂದರ್ರಿ" ಎಂದಳು. ಮುರಿಗೆವ್ವ ಕುಳಿತಳು. ಅಕ್ಕಿಯಲ್ಲಿ ಕಲ್ಲು ಆರಿಸಿದಳು. ಮಿಲ್ಲಿನ ಅಕ್ಕಿಯಲ್ಲಿ ಕಲ್ಲೇ ಇಲ್ಲದ ಕಾಲ ಬಂದ ಮೇಲೂ ಆರಿಸಿದಳು. ಊಟಕ್ಕೆ ಕರೆದರೆ ಬಂದಳು, ಬಡಿಸಿದಷ್ಟು ಉಂಡಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಎರಡನೆಯ ಸಲ ಹಾಕು ಎಂದು ಕೇಳಲಿಲ್ಲ. ಅವಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಊರು ಹೊಗಳಿತು.

ಹಾಗಾಗಿ ಸಿದ್ದವ್ವ ಮುಚ್ಚಿಟ್ಟಳು. ಕೆಮ್ಮಿನ ಔಷಧಿಯ ಬಾಟಲಿಯ ಮುಚ್ಚಳವೊಂದನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡು ಅದರಲ್ಲಿ ಉಪ್ಪು ಅಳೆದಳು. ಅಳತೆ ಸರಿಯಾಯಿತೋ ಇಲ್ಲವೋ ತಿಳಿಯಲು, ಉಣ್ಣುವಾಗ ಮೈದುನ ಮಡಿವಾಳಪ್ಪನ ಮುಖ ನೋಡಿದಳು. ಇದು ಗೋಡೆಯ ಮುಖ ನೋಡಿದಂತೆ. ಮುರಿಗೆವ್ವನ ಕಿರಿಮಗ ಮಡಿವಾಳಪ್ಪ ಜೀವಮಾನವಿಡೀ ಎಲ್ಲ ಅಡಿಗೆಗೂ ಒಂದೇ ಮಾತು ಹೇಳಿದವನು: "ಚಲೋ ಆಗೇತಿ." ಒಮ್ಮೆ ಸಾರೆಂದು ತಿಳಿದು ಅಕ್ಕಿ ತೊಳೆದ ನೀರು ಕುಡಿದಾಗಲೂ ಹಾಗೇ ಅಂದಿದ್ದ.

ಹೆದರಿಕೆ ಇದ್ದದ್ದು ಶಿಲ್ಪಾಳ ಬಗ್ಗೆ. ಒಂದು ಸಂಜೆ ಸಿದ್ದವ್ವ ಒಲೆಯ ಪಕ್ಕ ಕೂತು ಅವರೆ ಬಿಡಿಸುತ್ತಿದ್ದಳು. ಹಿತ್ತಲಿನಿಂದ ಶಿಲ್ಪಾ ಓಡಿಬಂದು ಹಾಲಿನ ಪಾತ್ರೆ ಇಳಿಸಿದಳು. ತಳ ಹತ್ತಿ ಕರ್ರಗಾಗಿತ್ತು, ಮನೆಯೆಲ್ಲ ಹೊಗೆ.

"ಅತ್ತಿ, ಇಲ್ಲೇ ಕುಂತಿರಲ್ಲ! ಸೀದ ವಾಸನಿ ಬರಲಿಲ್ಲೇನ್ರಿ?"

"ಬಂತು. ಬರದ ಏನು? ನಿನಗ ಎಚ್ಚರ ಐತ್ಯೋ ಇಲ್ಲೋ ಅಂತ ನೋಡಾಕತ್ತಿದ್ದೆ."

ಶಿಲ್ಪಾ ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. "ಎಚ್ಚರ ಐತ್ರಿ" ಎಂದಷ್ಟೇ ಹೇಳಿ ಪಾತ್ರೆ ತಿಕ್ಕಲು ಹೋದಳು. ಬೈದಿದ್ದರೆ ಸಿದ್ದವ್ವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಹೀಗೆ ಮೂರು ವಾರ ತಳ್ಳಿದಳು. ಆಮೇಲೆ ಬಸವ ಜಯಂತಿ ಬಂತು.

ಆ ದಿನದ ಊಟ ಎಂದಿನಿಂದಲೂ ಗೊತ್ತಾದದ್ದೇ: ಹೋಳಿಗೆ, ವರ್ಷದ ಮೊದಲ ಮಾವಿನ ಸೀಕರಣೆ, ಮಾವಿನಕಾಯಿ ಚಿತ್ರಾನ್ನ, ಸೌತೆಕಾಯಿ ಕೋಸಂಬರಿ, ಮತ್ತು ಎಳೆ ಹಲಸಿನ ಪಲ್ಯ. ಯಲ್ಲಾಪುರಕ್ಕೆ ಕೊಟ್ಟ ಮಹೇಶ್ವರಿ ಗಂಡನ ಜೊತೆ ಬರುವವಳಿದ್ದಳು. ಅಳಿಯ ರವೀಂದ್ರ ಲಾರಿ ಇಟ್ಟವನು. ಹುಬ್ಬಳ್ಳಿಯಿಂದ ಅಂಕೋಲೆಯವರೆಗೆ ಯಾವ ಖಾನಾವಳಿಯಲ್ಲಿ ಏನು ಚೆನ್ನ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದ. "ಆದ್ರ ನಮ್ಮತ್ತಿ ಹಲಸಿನ ಪಲ್ಯ ಮಾತ್ರ ಎಲ್ಲೂ ಸಿಗಂಗಿಲ್ಲ" ಎಂದು ಫೋನಿನಲ್ಲಿ ಹೇಳಿಯೂ ಇದ್ದ. ಮೂರು ವಾರದ ಹಿಂದಾಗಿದ್ದರೆ ಸಿದ್ದವ್ವ ಆ ಮಾತನ್ನು ಓಣಿಗೆಲ್ಲ ಹಂಚುತ್ತಿದ್ದಳು.

ಬೆಳಿಗ್ಗೆ ಮೊದಲ ಸಂಕಟ ಮಾವಿನದು. ಹುಲ್ಲಿನಲ್ಲಿ ಮಾಗಿಸಿದ ಹಣ್ಣಿನ ಬುಟ್ಟಿಯಲ್ಲಿ ಮೂರು ಮರದವು ಸೇರಿದ್ದವು. ಒಂದು ಮರದ ಹಣ್ಣು ಹೊರಗೆ ಬಂಗಾರ, ಒಳಗೆ ಬರೀ ಹುಳಿ. ತೊಟ್ಟು ಮೂಸದೆ ಯಾರಿಗೂ ಬೇರೆ ಮಾಡಲಾಗದು. ಸಿದ್ದವ್ವ ಹಣ್ಣುಗಳನ್ನು ಅಂಗಳದಲ್ಲಿ ಹರಡಿ, ಚೂರು ಕೀಸಿಟ್ಟು, ಸ್ವಲ್ಪ ದೂರ ಕೂತು ನೊಣಗಳಿಗೆ ಕಾದಳು. ನೊಣ ಮುತ್ತಿದ್ದನ್ನು ಇಟ್ಟುಕೊಂಡಳು, ಮುತ್ತದೆ ಬಿಟ್ಟದ್ದನ್ನು ಬುಟ್ಟಿಗೆ ಹಾಕಿದಳು. ಇಷ್ಟು ಕಾಲ ನೊಣ ಹೊಡೆದವಳು ಇಂದು ಅವುಗಳ ತೀರ್ಪಿಗೆ ಕೈಕಟ್ಟಿ ಕೂತಿದ್ದನ್ನು ಶಿಲ್ಪಾ ಕಿಟಕಿಯಿಂದ ನೋಡಿದಳು.

ಎರಡನೆಯ ಸಂಕಟ ಹಲಸಿನದು. ಕೈಗೆ ಎಣ್ಣೆ ಹಚ್ಚಿ ಕಾಯಿ ಹೆಚ್ಚುವುದು, ಬೇಯಿಸುವುದು, ಜಜ್ಜುವುದು, ಇದಕ್ಕೆಲ್ಲ ಮೂಗು ಬೇಡ, ಕೈ ಸಾಕು. ಒಗ್ಗರಣೆಯ ಸಾಸಿವೆ ಸಿಡಿಯುವುದು ಕಿವಿಗೆ ಕೇಳುತ್ತದೆ. ಪಲ್ಯವನ್ನು ಬಾಣಲೆಗೆ ಸುರಿದು, ಸೆರಗಿನ ಗಂಟು ಬಿಚ್ಚಿ ಮುಚ್ಚಳ ತೆಗೆದಳು. ಆ ಹೊತ್ತಿಗೆ ಅಂಗಳದಲ್ಲಿ ಕಾರು ನಿಂತಿತು.

"ಅವ್ವಾ! ಎಲ್ಲಿದ್ದಿ?"

ಸಿದ್ದವ್ವ ಹೊರಗೆ ಹೋದಳು. ಕಾಲಿಗೆ ನೀರು ಕೊಟ್ಟಳು. ಮಗಳು ತಬ್ಬಿಕೊಂಡು, "ಎಷ್ಟ ಸೊರಗೀಯವಾ! ಹಲಸಿನ ವಾಸನಿ ಬಾಗಲತನ ಬಂದೈತಿ ನೋಡು" ಎಂದಳು. "ಹೌದಲ್ಲ" ಎಂದು ಸಿದ್ದವ್ವ ಮೂಗರಳಿಸಿ ನಕ್ಕಳು. ಅಳಿಯ ಅನಾನಸಿನ ಗದ್ದೆಯ ಬಗ್ಗೆ ಕೇಳಿದ. ಹತ್ತು ನಿಮಿಷ ಹೋಯಿತು.

ಒಳಗೆ ಬಂದು ನೋಡಿದರೆ ಮುಚ್ಚಳ ಕೈಯಲ್ಲೇ ಇತ್ತು, ಖಾಲಿ. ಹಾಕಿ ಖಾಲಿಯಾದದ್ದೋ, ತುಂಬುವ ಮೊದಲೇ ಎದ್ದುಹೋದದ್ದೋ? ಎಷ್ಟು ಯೋಚಿಸಿದರೂ ಕಾರಿನ ಸದ್ದಿನಿಂದ ಹಿಂದಕ್ಕೆ ನೆನಪು ಹೋಗಲಿಲ್ಲ.

ಬಾಣಲೆಯ ಮೇಲೆ ಬಗ್ಗಿದಳು. ಆವಿ ಮುಖಕ್ಕೆ ಬಡಿಯಿತು; ಬಿಸಿ ಇತ್ತು, ಬೇರೇನೂ ಇರಲಿಲ್ಲ. ಬಾಗಿಲ ಕಡೆ ನೋಡಿದಳು. ದೇವರ ಜಗಲಿಯ ಕಡೆ ನೋಡಲಿಲ್ಲ. ಒಂದು ಚೂರು ಪಲ್ಯ ಬಾಯಿಗೆ ಹಾಕಿಕೊಂಡಳು. ತಾನೇ ಕಾಯ್ದ ಕಟ್ಟಳೆಯನ್ನು ತಾನೇ ಮುರಿದದ್ದಕ್ಕೆ ಸಿಕ್ಕಿದ್ದು ಇಷ್ಟು: ಹಸಿ ಬಟ್ಟೆ ಅಗಿದಂತಾಯಿತು. ಇನ್ನೊಂದು ಚೂರು ಅಗಿದಳು. ಕಣ್ಣಲ್ಲಿ ನೀರು ಬಂತು. ಅದು ತುಟಿಯವರೆಗೆ ಇಳಿಯಿತು, ಅದಕ್ಕೂ ಉಪ್ಪಿರಲಿಲ್ಲ.

ಹಿಂಬಾಗಿಲಲ್ಲಿ ಮಡಿವಾಳಪ್ಪ ಬಾಳೆಲೆ ಒರೆಸುತ್ತಿದ್ದ. ಸಿದ್ದವ್ವ ಅಂಗೈಯಲ್ಲಿ ಪಲ್ಯ ಮುಚ್ಚಿಕೊಂಡು ಅವನ ಬಳಿ ಹೋದಳು.

"ಬಾಯಿ ತಗಿ."

"ವೈನಿ, ಎಡಿ ಆಗಿಲ್ಲಲ್ಲ?"

"ಬಾಯಿ ತಗಿ ಅಂದ್ರ ತಗಿ."

ಮಡಿವಾಳಪ್ಪ ಗಾಬರಿಯಿಂದ ಕಣ್ಣು ಮುಚ್ಚಿ ಬಾಯಿ ತೆರೆದ, ಅಗಿದ, ನುಂಗಿದ. "ಚಲೋ ಆಗೇತಿ."

"ಉಪ್ಪು?"

"ಉಪ್ಪೂ ಚಲೋ ಐತಿ."

"ಖರೇ ಹೇಳೋ ಮಾರಾಯ. ಉಪ್ಪು ಐತ್ಯೋ, ಇಲ್ಲೋ?"

"ನಿಮ್ಮ ಕೈಯಾಗ ಯಾವಾಗ ಉಪ್ಪು ತಪ್ಪೈತ್ರಿ ವೈನಿ? ಚಲೋ ಆಗೇತಿ."

ಸಿದ್ದವ್ವ ಒಳಗೆ ಬಂದಳು. ಉಪ್ಪೇ ಇಲ್ಲದಿದ್ದರೂ ಅವನು ಇದೇ ಮಾತನ್ನು ಹೇಳುತ್ತಿದ್ದ. ಒಳಗಿನಿಂದ ಮಗ ಕೂಗಿದ, "ಅವ್ವಾ, ಎಡಿ ತಗೀತಿಯೇನು? ಹೊತ್ತಾತು." ಸಿದ್ದವ್ವ ಮುಚ್ಚಳ ತುಂಬ ಉಪ್ಪು ತೆಗೆದು ಬಾಣಲೆಗೆ ಹಾಕಿ ಚೆನ್ನಾಗಿ ಕಲೆಸಿದಳು.

ಕಲೆಸುವಾಗ ಮುರಿಗೆವ್ವ ನೆನಪಾದಳು. ಅವಳ ಪಲ್ಯದ ಉಪ್ಪಿನ ಬಗ್ಗೆ ಒಂದು ಸಂಗತಿ ಈ ಭೂಮಿಯ ಮೇಲೆ ಸಿದ್ದವ್ವನಿಗೆ ಮಾತ್ರ ಗೊತ್ತಿತ್ತು. ಮೂವತ್ತೊಂದು ವರ್ಷದ ಹಿಂದೆ ಅತ್ತೆ ಕರುವಿಗೆ ನೀರು ಕುಡಿಸಲು ಹೋದಾಗ, ಮರೆತಿದ್ದಾಳೆಂದು ತಿಳಿದು ಪಲ್ಯಕ್ಕೆ ಉಪ್ಪು ಹಾಕಿದವಳು ಸಿದ್ದವ್ವ. ಬಂದ ಅತ್ತೆ ತನ್ನ ಪಾಲಿನದು ತಾನು ಹಾಕಿದಳು. ಊಟದ ಹೊತ್ತಿಗೆ ಹೇಳಬೇಕೆಂದು ಬಾಯಿಗೆ ಬಂದದ್ದು ಬೀಗರ ಮುಖ ನೋಡಿ ಒಳಗೇ ಉಳಿಯಿತು. ಮರುದಿನ ಹೇಳಬೇಕೆಂದಿದ್ದಳು. ಆದರೆ ಮರುದಿನ ಸೌಟು ಕೈಗೆ ಬಂತು, ಮತ್ತು ಅದು ಕೈಗೆ ಚೆನ್ನಾಗಿ ಕೂತಿತು. ಉಪ್ಪನ್ನು ಮೂಸಿ ತಿಳಿಯಲು ಸಿದ್ದವ್ವ ಕಲಿತದ್ದು ಅದಾದ ಮೇಲೆ.

ಎಡೆಯಾಯಿತು. ಎಲೆಗಳು ಬಿದ್ದವು. ಶಿಲ್ಪಾ ಬಡಿಸಿದಳು. ರವೀಂದ್ರ ಸೀಕರಣೆಯನ್ನು ಮೊದಲು ಸವಿದು, "ಅತ್ತಿ, ಈ ಸಲದ ಹಣ್ಣು ಏನ್ ಆರಿಸೀರಿ!" ಎಂದ. ನೊಣಗಳು ಮಾನ ಉಳಿಸಿದ್ದವು. ಆಮೇಲೆ ಅವನು ಪಲ್ಯದ ಕಡೆ ಕೈಹಾಕಿ ದೊಡ್ಡ ತುತ್ತು ಮಾಡಿದ.

ಅವನ ದವಡೆ ಒಂದು ಸಲ ಆಡಿ ನಿಂತಿತು.

ಅಳಿಯನಾದ್ದರಿಂದ ಉಗುಳುವ ಹಾಗಿರಲಿಲ್ಲ. ಕಣ್ಣು ಅಗಲ ಮಾಡಿ ನುಂಗಿದ. ಚನ್ನಬಸವ ಬಾಯಿಗಿಟ್ಟು ಕೆಮ್ಮಿದ. ತುಪ್ಪ ಬಡಿಸುತ್ತಿದ್ದ ಮಹೇಶ್ವರಿ ಗಂಡನ ಮುಖ ನೋಡಿದಳು. ಸಾಲಿನ ಕೊನೆಯಲ್ಲಿದ್ದ ಮಡಿವಾಳಪ್ಪ ಅಗಿದ, ನುಂಗಿದ, ಬಾಯಿ ತೆರೆದ. ಸಿದ್ದವ್ವ ಆ ಬಾಯಿಯನ್ನೇ ನೋಡುತ್ತಿದ್ದಳು.

"ವೈನಿ," ಎಂದ ಮಡಿವಾಳಪ್ಪ, "ನೀರು."

ಬೆಳಿಗ್ಗೆ ಅವನು ಹೇಳಿದ್ದು ನಿಜವಾಗಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ಅವನ ಮಾತಿಗೆ ಬೆಲೆ ಇತ್ತು. ಆಗಲೇ ಆಕೆ ನಂಬಿರಲಿಲ್ಲ.

"ಅವ್ವಾ, ಉಪ್ಪು ಎರಡು ಸಲ ಬಿದ್ದೈತೇನ?" ಎಂದಳು ಮಹೇಶ್ವರಿ, ಸಣ್ಣ ದನಿಯಲ್ಲಿ.

"ನಾ ಹಾಕೇನ್ರಿ," ಎಂದಳು ಶಿಲ್ಪಾ. ಕೈಯಲ್ಲಿ ಕೋಸಂಬರಿಯ ಪಾತ್ರೆ ಹಾಗೇ ಇತ್ತು. "ಅತ್ತಿ ಹೊರಗ ಹೋದಾಗ ನಾ ಹಾಕಿದೆ. ಹೇಳೂದು ಮರತೆ. ನನ್ನದ ತಪ್ಪು."

ಅಷ್ಟೇ. ಎಷ್ಟು ಸಣ್ಣ ಮಾತು! ಕೋಸಂಬರಿ ಬಡಿಸುತ್ತ ಹೇಳಬಹುದಾದಷ್ಟು ಸಣ್ಣದು. ಮೂವತ್ತೊಂದು ವರ್ಷ ಸಿದ್ದವ್ವ ಅದನ್ನು ಎತ್ತಲಾಗದ ಕಲ್ಲೆಂದು ತಿಳಿದಿದ್ದಳು.

ಎಲ್ಲರಿಗೂ ಉಸಿರು ಬಂತು. "ಅದಕ್ಕ ಅತ್ತಿ ಕೈಯಾಗಿನ ಸೌಟು ಮುಟ್ಟಬಾರದು ತಂಗೆವ್ವಾ," ಎಂದು ರವೀಂದ್ರ ನಕ್ಕ. "ಹಬ್ಬದ ದಿನ ನಿನ್ಯಾಕ ಬೇಕಿತ್ತು ಉಸಾಬರಿ?" ಎಂದು ಚನ್ನಬಸವ ಹೆಂಡತಿಯನ್ನು ಗದರಿದ. ಶಿಲ್ಪಾ ತಲೆ ತಗ್ಗಿಸಿದಳು. ಪಾರಾಗುವ ದಾರಿ ತೆರೆದೇ ಇತ್ತು; ಸಿದ್ದವ್ವ ಸುಮ್ಮನೆ ನಿಂತರೆ ಸಾಕು. ಸಂಜೆಗೆ ಸೌಟು ತನ್ನದೇ, ನಾಳೆಯೂ ತನ್ನದೇ. ಸುಮ್ಮನೆ ನಿಲ್ಲುವುದು ಆಕೆಗೆ ಹೊಸದೂ ಅಲ್ಲ.

ಪಡಸಾಲೆಯ ಬಾಗಿಲ ಪಕ್ಕ ಕಟ್ಟೆ ಕಾಣುತ್ತಿತ್ತು. ಅದರ ಮೇಲೆ ಅಳಿಯನ ಹೊಸ ಟವೆಲ್ಲು ಇತ್ತು.

"ಆಕಿ ಹಾಕಿದ್ದು ಸರಿ ಇತ್ತು," ಎಂದಳು ಸಿದ್ದವ್ವ. "ಮ್ಯಾಲೆ ಹಾಕಿದಾಕಿ ನಾನು. ನನಗ ತಿಳೀಲಿಲ್ಲ. ಜ್ವರ ಬಂದಾಗಿಂದ ಮೂಗೂ ಇಲ್ಲ, ನಾಲಿಗೀನೂ ಇಲ್ಲ."

ಶಿಲ್ಪಾ ಕೋಸಂಬರಿಯ ಪಾತ್ರೆಯನ್ನು ಕೆಳಗಿಟ್ಟಳು.

"ಮುರಿಗೆವ್ವತ್ತಿ ನಾಲಿಗಿ ಚಲೋ ಇತ್ತು," ಎಂದಳು ಮತ್ತೆ. "ಅವತ್ತಿನ ಉಪ್ಪೂ ನಂದ."

ಮಕ್ಕಳಿಗೆ ಅರ್ಥವಾಗಲಿಲ್ಲ. ಮಡಿವಾಳಪ್ಪನಿಗೆ ಮಾತ್ರ ಅರ್ಥವಾಯಿತು. ಅವ್ವನ ಆ ಊಟದಲ್ಲೂ ಅವನು ಇದೇ ಕೊನೆಯಲ್ಲಿ ಕೂತಿದ್ದ, ಆಗಲೂ ಚಲೋ ಆಗೇತಿ ಎಂದೇ ಹೇಳಿದ್ದ.

"ಅವತ್ತ ಭಾಳ ಉಪ್ಪಾಗಿತ್ರಿ ವೈನಿ," ಎಂದ ಈಗ. ಆಕೆಯ ಕಡೆ ನೋಡಲಿಲ್ಲ.

ಚನ್ನಬಸವ ಎದ್ದು ಬಂದು ತಾಯಿಯ ಭುಜ ಹಿಡಿದ. ಒಳ್ಳೆಯ ಮಗ. "ಮೊದಲ ಹೇಳಬಾರದೇನವಾ? ಡಾಕ್ಟರಿಗೆ ತೋರಸೂಣು. ಇಷ್ಟು ವರ್ಷ ದುಡದಿ. ಇನ್ನ ಆರಾಮ ಕುಂದ್ರು."

ಸಿದ್ದವ್ವ ಸೆರಗಿನ ಗಂಟು ಬಿಚ್ಚಿ ಮುಚ್ಚಳವನ್ನು ಶಿಲ್ಪಾಳ ಕೈಗಿಟ್ಟಳು. ಗಂಡಸರ ಪಂಕ್ತಿಯೆಂದು ಯೋಚಿಸದೆ ಮಡಿವಾಳಪ್ಪನ ಪಕ್ಕ ಖಾಲಿ ಇದ್ದ ಎಲೆಯ ಮುಂದೆ ಕೂತಳು.

"ಪಲ್ಯ ಹಾಕವಾ."

"ಅತ್ತಿ, ಬ್ಯಾಡ್ರಿ. ವಿಷ ಆಗೇತಿ."

"ನನಗೇನಾಕ್ಕೈತಿ? ಹಾಕು."

ಶಿಲ್ಪಾ ಹಾಕಿದಳು. ಆ ಮನೆಯಲ್ಲಿ ಆ ಪಲ್ಯವನ್ನು ಉಣ್ಣಬಲ್ಲವಳು ಆಕೆಯೊಬ್ಬಳೇ. ಎಲ್ಲರೂ ನೋಡುತ್ತಿದ್ದಂತೆ ಸಿದ್ದವ್ವ ಹಸಿ ಬಟ್ಟೆಯಂಥ ಆ ಪಲ್ಯವನ್ನು ಒಂದೊಂದೇ ತುತ್ತು ಅಗಿದು ನುಂಗಿದಳು. ಎಲೆ ಖಾಲಿಯಾಯಿತು. ಆಕೆ ತಲೆಯೆತ್ತಲಿಲ್ಲ.

"ಶಿಲ್ಪಾ," ಎಂದಳು, "ಇನ್ನೊಂದು ಸೌಟು."