ಬಂದ ಕಾರಣ

ಕಮಲಾಪುರದ ಬಯಲಾಟದಲ್ಲಿ ರಕ್ಕಸ ಎಂದರೆ ದೌಲಪ್ಪ, ದೌಲಪ್ಪ ಎಂದರೆ ರಕ್ಕಸ. ಹಗಲೆಲ್ಲ ಬಾಳೆತೋಟದಲ್ಲಿ ಇರುವೆ ಕಂಡರೂ ದಾಟಿ ನಡೆಯುವ ಮನುಷ್ಯ, ಮುಖಕ್ಕೆ ಬಣ್ಣ ಹಚ್ಚಿದರೆ ಸಾಕು, ಮುಂದೆ ಕೂತ ಕೂಸುಗಳು ಕಿಟಾರನೆ ಕಿರುಚಬೇಕು! ಆ ರಕ್ಕಸನಿಗೂ ಒಂದು ಮರ್ಯಾದೆ ಇತ್ತು. ಆಟದ ಅಟ್ಟಕ್ಕೆ ದೇವರೇ ಬರಲಿ, ದೈತ್ಯನೇ ಬರಲಿ, ಕತೆ ನಡೆಸುವ ಸಾರಥಿ ಎದುರು ನಿಂತು ಕೇಳಲೇಬೇಕು: 'ತಾವು ದಾರು? ತಮ್ಮ ಸ್ಥಳ ಯಾವುದು? ಬಂದ ಕಾರಣವೇನು?' ಉತ್ತರ ಹೇಳಿದ ಮೇಲೆಯೇ ಕುಣಿತ.

ಮಿಲಿಟರಿ ಬಂದು ರಜಾಕಾರರ ದಂಡನ್ನು ಅಡಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ ಸಾರಥಿ ಅಣವೀರಪ್ಪ ಮಾಸ್ತರ ಹೊಸ ಆಟ ಬರೆದ. ಅದರಲ್ಲಿ ರಕ್ಕಸನ ಬದಲು ಖಾಕಿ ತೊಟ್ಟ ರಜಾಕಾರ. ಬರುತ್ತಾನೆ, ಬೆಂಕಿ ಇಡುತ್ತಾನೆ, ಸಾಯುತ್ತಾನೆ, ಅಷ್ಟೇ. ಹೆಸರೂ ಇಲ್ಲ. ಯಾರೆಂದು ಊರಿಗೆ ಗೊತ್ತಿಲ್ಲದ್ದೇನು? ದೌಲಪ್ಪನ ಅಣ್ಣ ಬಣವೆ ಕಾಯುತ್ತ ಮಲಗಿದ್ದಾಗ ಬೆಂಕಿ ಇಟ್ಟ ರಜಾಕಾರರ ಗುಂಪಿನಲ್ಲಿ ದರ್ಜಿ ನಬಿಸಾಬನ ಮಗ ಇಮಾಮುದ್ದೀನ್ ಇದ್ದ. ಅಣ್ಣ ಬಣವೆಯ ಜೊತೆಗೇ ಬೂದಿಯಾದ. ಆ ಹುಡುಗನೋ, ದೌಲಪ್ಪನ ಅವ್ವ ಭಾಗಮ್ಮನ ಕೈರೊಟ್ಟಿ ತಿಂದು, ದೌಲಪ್ಪನ ಹತ್ತಿರವೇ ರಕ್ಕಸನ ಹೆಜ್ಜೆ ಕಲಿತವನು. ಮಿಲಿಟರಿ ಬಂದಾಗ ಗುಂಡಿಗೆ ಸತ್ತ. ನಬಿಸಾಬ್ ಊರು ಬಿಟ್ಟು ಕಲಬುರ್ಗಿ ಸೇರಿದ.

'ಹೆಸರು ಕೇಳದೆ ಹ್ಯಾಂಗ ಕುಣೀಲಿ ಮಾಸ್ತರ?' ಎಂದ ದೌಲಪ್ಪ.

'ಅವನ್ನೇನ್ ಕೇಳೂದೋ! ನಿಮ್ಮಣ್ಣನ್ನ ಸುಟ್ಟಾನ. ನಿನಗ ನಾಚಿಕಿ ಇಲ್ಲೇನು?'

ಅಣ್ಣನನ್ನು ನೆನೆದರೆ ದೌಲಪ್ಪನ ಹೊಟ್ಟೆ ಉರಿಯುತ್ತಿತ್ತು. ಆ ಹುಡುಗನನ್ನು ನೆನೆದರೂ ಉರಿಯುತ್ತಿತ್ತು. ಇಂಥದ್ದನ್ನು ಯಾರ ಮುಂದೆ ಹೇಳಿಕೊಳ್ಳುವುದು, ಹೇಳಿ.

ಅವನ ವೇಷಗಳನ್ನೆಲ್ಲ ಹೊಲಿದವನು ನಬಿಸಾಬನೇ. ಬೇರೆ ದರ್ಜಿಯ ಬಳಿ ಹೋಗಲು ಮನಸ್ಸಾಗದೆ ಕಲಬುರ್ಗಿಯ ಬಜಾರಿನ ಸಂದಿಯಲ್ಲಿ ಅವನನ್ನು ಹುಡುಕಿಕೊಂಡು ಹೋದ.

'ಖಾಕಿ ಅಂಗಿ ಬೇಕಾಗ್ಯಾದ ಕಾಕಾ. ಆಟಕ್ಕ.'

ನಬಿಸಾಬನ ಮಷೀನು ನಿಂತಿತು. ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

'ಸಾರಥಿ ಅವನ್ನ ತಾವು ದಾರು ಅಂತ ಕೇಳ್ತಾನೇನು?'

'ಇಲ್ರಿ ಕಾಕಾ.'

'ಹೋಗ್ಲಿ ಬಿಡು. ಹೊಲ್ದು ನಾನೇ ತರ್ತೀನಿ' ಎಂದ ನಬಿಸಾಬ್. ಅಳತೆಯ ಟೇಪು ಮುಟ್ಟಲಿಲ್ಲ.

ಆಟದ ದಿನ ನಬಿಸಾಬ್ ತಂದುಕೊಟ್ಟ ಅಂಗಿ ತೊಟ್ಟಾಗ ಹೆಗಲು ಬಿಗಿಯಿತು. ಅದು ಯಾರ ಅಳತೆಯೆಂದು ದೌಲಪ್ಪನಿಗೆ ತಿಳಿಯಿತು. ರಾತ್ರಿಯಿಡೀ ಆಟ ನಡೆದು, ರಜಾಕಾರನ ಪ್ರವೇಶದ ಹೊತ್ತಿಗೆ ಸೂರ್ಯ ಮೂಡಿ, ಕೂತವರ ಮುಖಗಳೆಲ್ಲ ಕಾಣುತ್ತಿದ್ದವು. ಮದ್ದಳೆ ಬಿತ್ತು. ದೌಲಪ್ಪ ಅಟ್ಟದ ನಡುವೆ ನಿಂತ. ಮಾಸ್ತರ ಕುಣಿ ಎಂದು ಕಣ್ಣು ಮಾಡಿದ. ಕಾಲು ಏಳಲಿಲ್ಲ. ಮದ್ದಳೆ ಸುತ್ತಿ ಸುತ್ತಿ ಅಲ್ಲಿಗೇ ಬಂತು.

'ಏ ಕುಣಿಯೋ! ಕಾಲಿಗೇನ್ ಗರ ಬಡದದೇನು?' ಎಂದು ಜನ ಕೂಗಿದರು. ಮಣ್ಣಿನ ಹೆಂಟೆಯೊಂದು ಬಂದು ಎದೆಗೆ ಬಿತ್ತು.

ಆಗ ಹೆಂಗಸರ ನಡುವಿನಿಂದ ಭಾಗಮ್ಮ ಎದ್ದಳು.

'ಕೇಳೋ ಅಣವೀರಪ್ಪ. ನನ್ನ ಮಗನ್ನ ಯಾಕ ಸುಟ್ಟ ಅಂತ ನನಗ ತಿಳೀಬೇಕು. ಉಣ್ಣಾಗ, ಮಲಗಾಗ, ಅದೊಂದೇ ಕೇಳ್ಕೋತ ಕುಂತೀನಿ. ಕೇಳು ಅವನ್ನ.'

ಹೆತ್ತವಳೇ ಹೇಳಿದ ಮೇಲೆ ಮಾಸ್ತರ ಏನು ಮಾಡಿಯಾನು? ಎದುರು ನಿಂತ.

'ತಾವು ದಾರು?'

'ಇಮಾಮುದ್ದೀನ್.'

'ತಮ್ಮ ಸ್ಥಳ ಯಾವುದು?'

'ಇದೇ. ಕಮಲಾಪುರ.'

'ಬಂದ ಕಾರಣವೇನು?'

ದೌಲಪ್ಪ ಬಾಯಿ ತೆರೆದ. ಅವನು ಕುಣಿದ ರಕ್ಕಸರಿಗೆಲ್ಲ ಒಂದೊಂದು ಕಾರಣ ಇತ್ತು. ಒಬ್ಬನಿಗೆ ಅಪಮಾನ, ಒಬ್ಬನಿಗೆ ತಂಗಿಯ ಕಣ್ಣೀರು. ಎಲ್ಲವೂ ಬಾಯಿಪಾಠ. ಜೊತೆಗೆ ರೊಟ್ಟಿ ಮುರಿದು ತಿಂದ ಈ ಹುಡುಗನ ಕಾರಣ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಜನರ ಹಿಂದೆ ಬೇವಿನ ಮರದಡಿ ನಿಂತಿದ್ದ ನಬಿಸಾಬನ ಕಡೆ ನೋಡಿದ. ಇಡೀ ಬಯಲು ತಿರುಗಿ ನೋಡಿತು.

'ನನ್ನ ನೋಡಬ್ಯಾಡಪ್ಪಾ' ಎಂದ ನಬಿಸಾಬ್. 'ಖಾಕಿ ಅಂಗಿ ಹೊಲ್ದು ಕೊಡು ಅಬ್ಬಾ ಅಂದ. ಅಳತಿ ತಗೊಂಡೆ. ಯಾಕ ಅಂತ ಕೇಳಲಿಲ್ಲ, ಭಾಗಮ್ಮಕ್ಕಾ. ನಾನೂ ಕೇಳಲಿಲ್ಲ.'

ಭಾಗಮ್ಮ ನಿಂತಲ್ಲೇ ಕೂತಳು. ರಜಾಕಾರ ಆ ದಿನ ಸಾಯಲಿಲ್ಲ, ಆಟ ಅಲ್ಲಿಗೇ ನಿಂತಿತು. ದೌಲಪ್ಪ ಅಟ್ಟ ಇಳಿದು, ಅಂಗಿ ಬಿಚ್ಚಿ, ಅಂಟಿದ ಮಣ್ಣು ಕೊಡವಿ, ಮಡಿಚಿ ನಬಿಸಾಬನ ಕೈಗೆ ಕೊಟ್ಟ.